ಮೂಲೆ ಮಡಚಿದ ಕಾರ್ಡುಗಳು

ಗಡಿಯಾರ ರಿಪೇರಿ ಅಂಗಡಿಯ ಹಿಂದೆ ಒಂದು ಕೋಣೆಯಿದೆ. ಅಲ್ಲಿಗೆ ಹೋಗಬೇಕಾದರೆ ಒಂದೊಂದೂ ಒಂದೊಂದು ಸಮಯ ತೋರಿಸುವ ಮೂವತ್ತು ಗಡಿಯಾರಗಳನ್ನು ದಾಟಬೇಕು. ಕೋಣೆಯಲ್ಲಿ ಉದ್ದನೆಯ ಮೇಜು, ಆರು ಕುರ್ಚಿ, ಒಂದು ಕಪ್ಪು ಹಲಗೆ, ತಗಡಿನ ಬಿಸ್ಕತ್ತು ಡಬ್ಬಿ. ಗೋಡೆಯ ಮೇಲೆ ಒಂದೇ ಒಂದು ಚಿತ್ರವಿಲ್ಲ. ಬೇಕೆಂದೇ ಇಟ್ಟಿಲ್ಲ.

ಸಂಜೆ ಐದರಿಂದ ಏಳರವರೆಗೆ ಇಲ್ಲಿ ಓದು ಬಾರದ ದೊಡ್ಡವರಿಗೆ ಓದು ಕಲಿಸುವವರನ್ನು ಬೀದಿಯವರೆಲ್ಲ ಟೀಚರ್ ಎನ್ನುತ್ತಾರೆ. ಈಗ ಅರವತ್ತೊಂದು ವರ್ಷ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ದುಡಿದವರು. ಅದರಲ್ಲಿ ಮೊದಲ ಹದಿನೈದನ್ನು ಅವರೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಮರದ ಚಿತ್ರ ತೋರಿಸ್ತಿದ್ದೆ, ಮಕ್ಕಳು 'ಮರ' ಅಂತ ಕಿರುಚ್ತಿದ್ವು. ಓದ್ತಾ ಇದಾವೆ ಅಂದ್ಕೊಂಡಿದ್ದೆ. ಅವು ಮರ ನೋಡ್ತಿದ್ವು, ಅಷ್ಟೆ."

ಅದು ತಿಳಿದ ಮೇಲೆ ಅವರ ಪಾಠಕ್ಕೆ ಒಂದು ಕ್ರಮ ಬಂತು. ಮೊದಲು ಮ, ರ, ನ, ಸ. ಈ ನಾಲ್ಕರ ದನಿ ನಾಲಿಗೆಗೆ ಹತ್ತುವ ತನಕ ಐದನೆಯ ಅಕ್ಷರ ಡಬ್ಬಿಯಿಂದ ಹೊರಬರುವುದಿಲ್ಲ. ಆಮೇಲೆ ಮಾ, ಮಿ, ಮು ಎಂದು ಗುಣಿತ, ಬಳಕೆ ಹೆಚ್ಚಿರುವ ಒಂದೊಂದಕ್ಕೂ ಒಂದೊಂದು ಕಾರ್ಡು. ಕಾರ್ಡುಗಳು ಮುಗಿದ ಮೇಲೆ ಕಪ್ಪು ಹಲಗೆ ಮತ್ತು ಒತ್ತಕ್ಷರ. ಅಲ್ಲಿಯವರೆಗೆ ಯಾರೂ ಪುಸ್ತಕ ಮುಟ್ಟುವಂತಿಲ್ಲ. ದಿನದ ಕೊನೆಗೆ ಕಾರ್ಡುಗಳನ್ನು ಪಕ್ಕಪಕ್ಕ ಜೋಡಿಸಿ ಅರ್ಥವೇ ಇಲ್ಲದ ಐದು ಪದ ಓದಿಸುತ್ತಾರೆ: ಸಿಮುರ, ನಾರಸೂ, ಮಿರೂನ. ಅರ್ಥವಿದ್ದರೆ ಊಹಿಸಿ ಪಾರಾಗಬಹುದು. ಇಲ್ಲಿ ಆ ದಾರಿಯಿಲ್ಲ.

"ನಾರಸೂ ಅಂದ್ರೆ ಬೈಗುಳಾನಾ?" ಎಂದು ಗಡಿಯಾರ ರಿಪೇರಿ ಮಾಡುವ ಗಂಡ ಅಂಗಡಿಯಿಂದಲೇ ಕೂಗುತ್ತಾರೆ.

"ಇನ್ನೂ ಅಲ್ಲ. ನೀವು ಸುಮ್ನಿರದಿದ್ರೆ ಆಗುತ್ತೆ."

ಹೋದ ವರ್ಷ ಆ ಮೇಜಿಗೆ ಅವರ ನಾದಿನಿ ಬಂದು ಕೂತರು. ನಲವತ್ತಾರು ವರ್ಷ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದ ಕೆಲಸ. ರಾಶಿ ಬಿದ್ದ ಹೊದಿಕೆಗಳನ್ನು ಬೇರೆ ಮಾಡುವುದು ಅವರ ಪಾಲಿನದು. ಕಲೆ ರಕ್ತದ್ದೋ, ಔಷಧದ್ದೋ, ಚಹಾದ್ದೋ, ಹೊದಿಕೆ ಯಾವ ವಾರ್ಡಿನದೋ, ನೋಡಿದ ತಕ್ಷಣ ಹೇಳುತ್ತಾರೆ. ಓದಲು ಮಾತ್ರ ಬಾರದು. ಇಷ್ಟು ವರ್ಷ ಕನ್ನಡಕ ಮರೆತೆ ಎಂದು ಹೇಳಿಯೇ ಕಳೆದಿದ್ದರು. ಅವರ ಬಳಿ ಕನ್ನಡಕವೇ ಇರಲಿಲ್ಲ.

ವಿಭಾಗದ ಮುಖ್ಯಸ್ಥೆ ನಿವೃತ್ತರಾಗುವವರಿದ್ದರು. ಹೊಸ ಯಂತ್ರಗಳು ಬರುವುದಿತ್ತು. ಮ್ಯಾನೇಜರ್ ನಾದಿನಿಯನ್ನು ಕರೆದು ನೇರವಾಗಿ ಹೇಳಿದ್ದರು: ನಾಲ್ಕು ತಿಂಗಳಾದ ಮೇಲೆ ಯಂತ್ರದ ಸೂಚನಾಪತ್ರ ಓದಿ ತೋರಿಸಿದರೆ ಆ ಜಾಗ ನಿಮ್ಮದು, ಇಲ್ಲವಾದರೆ ಹೊರಗಿನವರು ಬರುತ್ತಾರೆ.

ಮೂರು ತಿಂಗಳಲ್ಲಿ ನಾದಿನಿ ಡಬ್ಬಿಯ ನೂರಿಪ್ಪತ್ತು ಕಾರ್ಡುಗಳನ್ನೂ ಮುಗಿಸಿದರು. ಯಾವ ಕಾರ್ಡು ಎತ್ತಿದರೂ ಉತ್ತರ ಸಿದ್ಧ, ಅರ್ಥವಿಲ್ಲದ ಪದಗಳೂ ಸರಾಗ. ಇಷ್ಟು ಚುರುಕಾದವರನ್ನು ತಾನು ನೋಡಿಯೇ ಇಲ್ಲ ಎಂದು ಟೀಚರ್ ಗಂಡನ ಮುಂದೆ ಹೊಗಳಿದ್ದೂ ಆಯಿತು. ಹಲಗೆಗೆ ಹೋಗುವ ಮೊದಲು ಒಂದು ಭಾನುವಾರ, ಕಾರ್ಡುಗಳು ತೀರಾ ಹಳತಾದವೆಂದು ದಪ್ಪ ಬಿಳಿ ಕಾಗದ ಕತ್ತರಿಸಿ ಎಲ್ಲವನ್ನೂ ಹೊಸದಾಗಿ ಬರೆದರು.

ಸೋಮವಾರ ಮೊದಲ ಕಾರ್ಡು ಎತ್ತಿದರು. ನಾದಿನಿ ಅದನ್ನು ತಿರುಗಿಸಿ, ಬೆನ್ನು ನೋಡಿ, ಮತ್ತೆ ತಿರುಗಿಸಿದರು.

"ಇದ್ಯಾವ್ದು ಅತ್ತಿಗೆ? ಇದನ್ನ ಹೇಳ್ಕೊಟ್ಟೇ ಇಲ್ಲ ನೀವು."

"ಮೂರು ತಿಂಗ್ಳಿಂದ ಹೇಳ್ತಾ ಇದೀಯಲ್ಲೇ. 'ಸೂ'."

"'ಸೂ' ಇದಲ್ಲ. ಅದರ ಬಲಗಡೆ ಕೆಳಗೆ ಚಹಾ ಚೆಲ್ಲಿತ್ತು."

ಟೀಚರ್ ಎದ್ದರು. ಅಟ್ಟದ ಮೇಲಿಟ್ಟಿದ್ದ ಹಳೆಯ ಡಬ್ಬಿ ಇಳಿಸಿದರು. ಒಂದು ಕಾರ್ಡು ತೆಗೆದು, ಅಕ್ಷರದ ಮೇಲೆ ಅಂಗೈ ಮುಚ್ಚಿ, ಅಂಚು ಮಾತ್ರ ಕಾಣುವಂತೆ ಹಿಡಿದರು.

"ಇದು?"

"'ನಿ'. ಮೂಲೆ ಮಡಚಿದೆಯಲ್ಲ."

"ಇದು?"

"'ರೋ'. ಎಣ್ಣೆ ಬೆರಳಿನ ಗುರುತು. ಅಣ್ಣಂದೇ."

ಹತ್ತರಲ್ಲಿ ಒಂಬತ್ತು ಸರಿ.

ಅಂಗಡಿಯಲ್ಲಿ ಸ್ಕ್ರೂ ಡ್ರೈವರ್ ಕೆಳಗಿಟ್ಟ ಸದ್ದಾಯಿತು. "ಮೂವತ್ತು ವರ್ಷ ಪಾಠ ಮಾಡ್ದೋಳನ್ನ ನನ್ನ ತಂಗಿ ಮೂರೇ ತಿಂಗಳಲ್ಲಿ ಒಗೆದು ಒಣಗಿ ಹಾಕಿದ್ಲಲ್ಲಪ್ಪ!"

"ನಾನೇನು ಮೋಸ ಮಾಡ್ಲಿಲ್ಲ," ಎಂದರು ನಾದಿನಿ, ಮುಖ ಕೆಂಪಗೆ ಮಾಡಿಕೊಂಡು. "ಇದೇನು ಅಂತ ಕೇಳಿದ್ರಿ, ಹೇಳ್ದೆ. ಎಲ್ಲಿ ನೋಡ್ಬೇಕು ಅಂತ ನೀವು ಹೇಳ್ಲೇ ಇಲ್ಲ."

ಟೀಚರ್ ಕುರ್ಚಿಗೆ ಒರಗಿದರು. "ಅದು ನಿಜ. ಹೇಳಿಲ್ಲ."

"ಐದು ವಾರ ಉಳಿದಿದೆ ಅತ್ತಿಗೆ. ಹೋಯ್ತು ಬಿಡಿ."

"ಏನು ಹೋಗೋದು? ದನಿಗೆ ದನಿ ಸೇರಿಸೋಕೆ ಜನ ಒದ್ದಾಡ್ತಾರೆ. ಅದು ನಿಂಗೆ ನೀರು ಕುಡಿದ ಹಾಗೆ ಬರುತ್ತೆ. ಅಕ್ಷರದ ಮುಖ ನೋಡೋದೊಂದೇ ಬಾಕಿ. ಮ-ದಿಂದ ಶುರು ಮಾಡೋಣ, ಏಳು."

ಈ ಸಲ ಶುರುವಾದದ್ದು ಹಲಗೆಯ ಮೇಲೆ. ಗೆರೆ ಎಲ್ಲಿ ಹೊರಡುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಟೀಚರ್ ಬಾಯಲ್ಲಿ ಹೇಳುತ್ತ ಬರೆದರು. ನಾದಿನಿ ಅದರ ಮೇಲೆ ಬೆರಳಾಡಿಸಿ ದನಿ ಹೇಳಿದರು. ನಂತರ ಅದೇ ಅಕ್ಷರವನ್ನು ಸೋಪಿನ ಪೊಟ್ಟಣದಲ್ಲಿ, ಪತ್ರಿಕೆಯಲ್ಲಿ, ಗಡಿಯಾರದ ಖಾತರಿ ಚೀಟಿಯಲ್ಲಿ ಹುಡುಕಬೇಕು. ಆ ದಿನಕ್ಕೆ ಬರೆದ ಕಾರ್ಡುಗಳನ್ನು ಪಾಠ ಮುಗಿದ ಕೂಡಲೇ ಟೀಚರ್ ಹರಿದು ಬುಟ್ಟಿಗೆ ಹಾಕುತ್ತಿದ್ದರು. ಕಲೆ ಹತ್ತುವಷ್ಟು ಆಯಸ್ಸು ಯಾವ ಕಾರ್ಡಿಗೂ ಸಿಗಲಿಲ್ಲ. ಎರಡನೆಯ ವಾರದ ಕೊನೆಗೆ ಗುಣಿತ ಮುಗಿಯಿತು. ಮೂರನೆಯ, ನಾಲ್ಕನೆಯ ವಾರ ಒತ್ತಕ್ಷರ. ಕೊನೆಯ ವಾರವಿಡೀ ಸಿಕ್ಕ ಸಿಕ್ಕ ಡಬ್ಬಿ, ಬಾಟಲಿಗಳ ಚೀಟಿ.

ಮ್ಯಾನೇಜರ್ ಕೋಣೆ ಬಾಯ್ಲರಿನ ಪಕ್ಕದಲ್ಲಿದೆ. ನೆಲ ಸದಾ ಸಣ್ಣಗೆ ನಡುಗುತ್ತಿರುತ್ತದೆ. ಓದಿ ತೋರಿಸುವ ದಿನ ಅವರು ಮೇಜಿನ ಮೇಲಿಟ್ಟ ಸೂಚನಾಪತ್ರದ ಮೂಲೆಯಲ್ಲಿ ಚಹಾ ಲೋಟ ಇಟ್ಟ ಉಂಗುರವಿತ್ತು. ನಾದಿನಿ ಕಾಗದ ಎತ್ತಿಕೊಂಡು, ಆ ಗುರುತಿನ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಿದರು.

ಓದು ನಿಧಾನವಾಗಿತ್ತು. ಬಾಗಿಲು ಮುಚ್ಚಿ, ನೀರಿನ ಮಟ್ಟ ನೋಡಿ, ಸೋಪಿನ ಪುಡಿ ಅರ್ಧ ಅಳತೆ ಹಾಕಿ. ಐದನೆಯ ಸಾಲಿನಲ್ಲಿ ನಿಂತರು. ತುಟಿ ಆಡಿತು. "ಸೋ... ಡಿ... ಯಂ," ಎಂದರು. ಮುಂದಿನದನ್ನು ತುಂಡು ತುಂಡಾಗಿ ಹಿಡಿದು, ಕೊನೆಗೆ ಒಂದೇ ಉಸಿರಿನಲ್ಲಿ ಜೋಡಿಸಿದರು: "ಪರ್ಕಾರ್ಬೊನೇಟ್."

ಮ್ಯಾನೇಜರ್ ತಲೆ ಎತ್ತಿದರು. "ಹಾಗಂದ್ರೆ ಏನು ಗೊತ್ತಾ?"

"ಇಲ್ಲ ಸಾರ್. ಓದು ಅಂದ್ರಿ, ಓದ್ದೆ."

"ನಾವೆಲ್ಲ ಅದನ್ನ ಬಿಳಿ ಪುಡಿ ಅಂತೀವಿ," ಎಂದ ಮ್ಯಾನೇಜರ್ ಉಗ್ರಾಣದ ಬೀಗದ ಕೈ ಗೊಂಚಲನ್ನು ಮೇಜಿನ ಈಚೆಗೆ ತಳ್ಳಿದರು. "ಇನ್ಮೇಲೆ ಇದು ನಿಮ್ಮ ಹತ್ರ ಇರ್ಲಿ."

ಸಂಜೆ ಐದೂವರೆಗೆ ನಾದಿನಿ ಮೂವತ್ತು ಗಡಿಯಾರಗಳನ್ನು ದಾಟಿ ಒಳಬಂದು ಗೊಂಚಲನ್ನು ಉದ್ದ ಮೇಜಿನ ಮೇಲಿಟ್ಟರು. ಪಾಠ ನಡೆದಿತ್ತು. ಟೀಚರ್ ಗೊಂಚಲನ್ನು ನೋಡಿ ತಲೆಯಾಡಿಸಿದರು, ಕುರ್ಚಿ ಎಳೆದು ಕೊಟ್ಟರು.

"ಕಷ್ಟದ ಪದ ಏನಾದ್ರೂ ಬಂತಾ?"

"ಒಂದು ಬಂತು. ನಿಮ್ಮ ನಾರಸೂಗಿಂತ ಸುಲಭ."