ಎಕೋಣತೀಸ

೧೯೮೮ರಲ್ಲಿ, ಏಳನೆಯ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಮುಂದೆ ಕಲಿತದ್ದೆಲ್ಲ ಬೀದರಿನ ಗ್ಯಾರೇಜುಗಳಲ್ಲಿ, ಗಾಡಿಗಳ ವೈರು ಹಿಡಿದು. ಯಾರ ಹಂಗೂ ಇಲ್ಲದೆ ಕಲಿತೆ ಎಂಬ ಸೊಕ್ಕು ನನಗಿದೆ, ಇಲ್ಲ ಎನ್ನಲಾರೆ. ಮೊನ್ನೆ ಹಳೆಯ ಕಾರೊಂದರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕಿತು. ಔರಾದ ಕಡೆಯ ಎಕಂಬಾ ಊರಿನ ಗಿರಾಕಿ, ಎಲ್ಲರೂ ಕಾಕಾ ಎನ್ನುತ್ತಿದ್ದ ಹಿರಿಯರು ನೆನಪಾದರು...

ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ಮಳೆ ಕೈಕೊಟ್ಟು ಔರಾದ ಕಡೆಯ ಜನ ಹೈದರಾಬಾದಿಗೆ ದುಡಿಯಲು ಹೋಗಿದ್ದ ವರ್ಷ ಅದು. ಹಾಗೆ ಹೋದ ನೆರೆಮನೆಯವರ ಮಗಳು ಕಾಕಾ ಮನೆಯಲ್ಲಿ ಉಳಿದು ಹತ್ತನೆಯ ತರಗತಿ ಓದುತ್ತಿದ್ದಳು. ಅವಳನ್ನು ಔರಾದಿನ ಪರೀಕ್ಷೆಗೆ ತಮ್ಮ ಹಳೆಯ ಕಾರಿನಲ್ಲಿ ಕಾಕಾ ಬಿಟ್ಟು ಬರುತ್ತಿದ್ದರು. ಕಾರು ನಡುದಾರಿಯಲ್ಲಿ ಬಂದ್ ಬೀಳತೊಡಗಿದಾಗ ನನ್ನ ಬಳಿ ತಂದರು.

"ಗಾಡಿ ನನಗಿಂತ ಮುದುಕ ಆಗ್ಯಾದ್ರಿ ಉಸ್ತಾದ. ಖರೇ, ನಾಳಿ ಪೋರಿದು ಗಣಿತದ ಪೇಪರ್ ಅದ. ಕೈ ಬಿಡಬ್ಯಾಡ್ರಿ."

ಆಗ ನನ್ನಲ್ಲಿ ಕೋಡ್ ಓದುವ ಯಂತ್ರ ಇರಲಿಲ್ಲ. ಬಾನೆಟ್ಟಿನೊಳಗೆ ಎರಡು ಪಿನ್ನುಗಳಿಗೆ ವೈರು ಜೋಡಿಸಿದರೆ ಡ್ಯಾಶ್‌ಬೋರ್ಡಿನ ಹಳದಿ ದೀಪ ಮಿಣುಕಿ ದೋಷದ ಸಂಖ್ಯೆ ಹೇಳುತ್ತಿತ್ತು. ನಾನು ವೈರು ಹಿಡಿದೆ, ಕಾಕಾ ದೀಪ ನೋಡುತ್ತ ಕೂತರು.

"ಉದ್ದ ಮಿಣುಕಿದ್ರ ಹತ್ತು, ಗಿಡ್ಡ ಮಿಣುಕಿದ್ರ ಒಂದು. ಕೂಡಿಸಿ ಹೇಳ್ರಿ ಕಾಕಾ."

"ಎಕೋಣತೀಸ."

ಕಾಕಾ ಓದಿದ್ದು ಮರಾಠಿ ಶಾಲೆಯಲ್ಲಿ. ಅವರು ಹೇಳಿದ್ದು ಇಪ್ಪತ್ತೊಂಬತ್ತು. ದಖನಿ ಉರ್ದುವಿಗೆ ಪಳಗಿದ ನನ್ನ ಕಿವಿಗೆ ಅದು ಇಕತ್ತೀಸ, ಮೂವತ್ತೊಂದು ಎಂದು ಕೇಳಿತು. ಅನುಮಾನ ಬಂದಿತ್ತು... ಆದರೆ ಇನ್ನೊಮ್ಮೆ ಕೇಳಿದರೆ ಇವನಿಗೆ ಲೆಕ್ಕ ಬಾರದು ಅಂದಾರೆಂದು ಸುಮ್ಮನಾದೆ. ಮೂವತ್ತೊಂದರ ಸೆನ್ಸರ್ ಬದಲಿಸಿದೆ. ಗಾಡಿ ಚಾಲೂ ಆಯಿತು.

"ಈಗ ಹೈದರಾಬಾದ್ ತನಕ ಹೊಡೀರಿ," ಎಂದೆ.

ಮರುದಿನ ಅದು ಔರಾದ ಮುಟ್ಟಲಿಲ್ಲ. ಹುಡುಗಿ ಯಾರದೋ ಗಾಡಿ ಹಿಡಿದು ಹೋಗುವಷ್ಟರಲ್ಲಿ ಪರೀಕ್ಷಾ ಕೇಂದ್ರದ ಗೇಟು ಮುಚ್ಚಿತ್ತು.

ಕಾಕಾ ಕಾರನ್ನು ಎಳೆಸಿಕೊಂಡು ಮತ್ತೆ ಬಂದರು. ಈ ಸಲ ದೀಪ ನಾನೇ ನೋಡಿದೆ. ಎರಡು ಉದ್ದ, ಒಂಬತ್ತು ಗಿಡ್ಡ.

"ಅದೇ ಹೇಳಿದ್ನಲ್ರಿ, ಎಕೋಣತೀಸ."

"ಕನ್ನಡದಾಗ ಹೇಳಬೇಕಿತ್ತು ಕಾಕಾ," ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಹೌದ್ರಿ, ನಂದೇ ತಪ್ಪಾತು. ಕನ್ನಡದಾಗ ಏನಂತಾರ, ಕಲಿಸ್ರಿ."

ಹೇಳಿಕೊಟ್ಟೆ. ನನಗಿಂತ ಇಪ್ಪತ್ತು ವರ್ಷ ಹಿರಿಯರು ಕೈಕಟ್ಟಿ ನಿಂತು "ಇಪ್ಪತ್ತ... ಒಂಬತ್ತು" ಎಂದು ಬಾಯಿಪಾಠ ಮಾಡಿದರು. ನಾನು ಬಾನೆಟ್ಟಿನ ಕಡೆ ತಿರುಗಿಕೊಂಡೆ. ಹುಡುಗಿ ಎಲ್ಲಿ ಎಂದು ಕೇಳಿದೆ.

"ಪುಸ್ತಕ ಕಟ್ಟಿಟ್ಟು ಅವ್ವ-ಅಪ್ಪನ ಕಡಿ ಹೋದಳ್ರಿ."

ಕಾಕಾ ತೀರಿಕೊಂಡದ್ದು ನನಗೆ ತಿಳಿದಿದ್ದು ತಡವಾಗಿ. ಮಣ್ಣಿಗೂ ಹೋಗಲಾಗಲಿಲ್ಲ.

ಈಗ ನನಗೆ ಸ್ವಂತ ಗ್ಯಾರೇಜು ಒಂದು, ಕೋಡ್ ಓದುವ ಯಂತ್ರ ಎರಡು, ಕೆಲಸಗಾರರು ನಾಲ್ವರು. ನಾನು ಯಾರಿಗೆ ತಪ್ಪಾಯಿತು ಎನ್ನಬೇಕಿತ್ತೋ ಅವರು ಇಬ್ಬರಿದ್ದರು. ಈಗ ಒಬ್ಬಳು.