ಚಿ. ಸೌ. ನಾಗಲಕ್ಷ್ಮಿಯ ಹದಿನೇಳು ಪಾತ್ರೆಗಳು

ಶ್ರೀನಗರದ ಆ ಮೂರನೇ ಮಹಡಿಯ ಕೋಣೆಗೆ ಮೊದಲ ಸಲ ಬಂದವರೆಲ್ಲ ಕೇಳುವುದು ಒಂದೇ ಮಾತು: "ಸಾಮಾನೆಲ್ಲ ಇನ್ನೂ ಬಂದಿಲ್ವಾ?" ಬಂದು ಎರಡು ವರ್ಷವಾಯಿತು ಮಹಾರಾಯರೇ, ಇರುವುದೇ ಇಷ್ಟು ಎಂದು ನಾಗಲಕ್ಷ್ಮಮ್ಮ ನಗುತ್ತಾಳೆ. ಒಂದು ಚಾಪೆ, ಒಂದು ಒಲೆ, ಅನ್ನಕ್ಕೊಂದು ಸಾರಿಗೊಂದು ಪಾತ್ರೆ, ನಾಲ್ಕು ಸೀರೆ.

ಬಡತನವಲ್ಲ, ಪಿಂಚಣಿ ಬರುತ್ತದೆ. ಜಿಪುಣತನ ಅಂದುಬಿಟ್ಟರೆ ಆಕೆಗೆ ಕೋಪ ಬರುತ್ತದೆ. ಜಯನಗರದ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಯಾರೂ ಮುಟ್ಟದ ಪುಸ್ತಕಗಳ ಧೂಳು ಒರೆಸಿದವಳು. ರಿಟೈರ್ ಆದ ದಿನವೇ ತೀರ್ಮಾನ ಮಾಡಿದಳು: ದಿನಾ ಕೈಗೆ ಬಾರದ್ದು ಮನೆಯಲ್ಲಿರಕೂಡದು. ದೊಡ್ಡ ಮನೆ ಬಿಟ್ಟಳು, ಬೀರು ಮಂಚ ಕೊಟ್ಟಳು, ಟಿವಿಯನ್ನೂ ಕೊಟ್ಟಳು. ಅದಾದ ಮೇಲೆ ಬೆಳಿಗ್ಗೆ ಎದ್ದರೆ ಎದೆ ಹಗುರ. ಕಾಫಿ ಲೋಟ ಹಿಡಿದು ತಾರಸಿಯಲ್ಲಿ ಕೂತರೆ ಬಿಸಿಲು ಕಾಲಿಗೆ ಬರುವವರೆಗೂ ಏಳುವುದಿಲ್ಲ. ಎದ್ದು ಮಾಡುವುದಕ್ಕೆ ಏನಿದೆ? ಈ ಸುಖ ಸುಳ್ಳಲ್ಲ, ಖಂಡಿತ ಸುಳ್ಳಲ್ಲ.

ಆದರೆ ಸಂಜೆ ಬೇರೆ. ಕೆಳಗಿನ ಮನೆಗಳಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ಆಕೆಗೆ ಯಾರಾದರೂ ಬಾಗಿಲು ಬಡಿಯಬಾರದೇ ಅನ್ನಿಸುತ್ತದೆ. ಮದುವೆಯಾಗದವಳು. ಲೈಬ್ರರಿಯ ಗೆಳತಿಯರು ಮೊಮ್ಮಕ್ಕಳ ಹಿಂದೆ ಬಿದ್ದರು. ಬರುವವನೆಂದರೆ ಉತ್ತರಹಳ್ಳಿಯ ಅಣ್ಣ ಪಿಳ್ಳಪ್ಪ ಒಬ್ಬನೇ. ಅವನಾದರೂ ವರ್ಷಕ್ಕೊಮ್ಮೆ, ಗೌರಿ ಹಬ್ಬದ ದಿನ, ಸೀರೆ ಬಳೆ ಹಿಡಿದು ಬರುತ್ತಿದ್ದ. ನಲವತ್ತು ವರ್ಷದಲ್ಲಿ ಒಂದು ಹಬ್ಬವನ್ನೂ ತಪ್ಪಿಸಿದವನಲ್ಲ.

ಈ ಸಲ ತಪ್ಪಿಸಿದ. ಆಕೆ ಒಬ್ಬಟ್ಟು ಮಾಡಿಕೊಂಡು ಸಂಜೆ ಐದರವರೆಗೆ ಮೆಟ್ಟಿಲ ಸದ್ದು ಕೇಳುತ್ತಾ ಕೂತಿದ್ದಳು. ಕೊನೆಗೆ ಫೋನ್ ಮಾಡಿದರೆ ಅತ್ತಿಗೆ ಎತ್ತಿದಳು.

"ಬರಲ್ಲ ಕಣಮ್ಮ. ಪುಟ್ಟೇನಹಳ್ಳಿ ನಾಮಕರಣಕ್ಕೆ ಹೋಗಿ ಬಂದಾಗ್ಲಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ. ಊಟಕ್ಕೆ ಕೂತಿದ್ರಂತೆ, ಸಾರಿನ ಪಾತ್ರೆ ತಂದು ಇವ್ರ ಎದುರ್ಗೇ ಇಟ್ರಂತೆ. ಅದ್ರ ಮೇಲೆ ನಿನ್ ಹೆಸ್ರು."

ನಾಗಲಕ್ಷ್ಮಮ್ಮ ಫೋನ್ ಕೆಳಗಿಟ್ಟಳು.

ಆ ಪಾತ್ರೆಗಳ ಕಥೆ ಹೇಳಲೇಬೇಕು. ಪಿಳ್ಳಪ್ಪ ಗಾರೆ ಕೆಲಸದವನು. ಮನೆಗೆ ಮೋಲ್ಡ್, ಅಂದರೆ ಕಾಂಕ್ರೀಟ್ ಸೂರು, ಹಾಕಿದ ದಿನ ಮಾಲೀಕರು ಮೇಸ್ತ್ರಿ, ಗಾರೆಯವರಿಗೆಲ್ಲ ಊಟ ಹಾಕಿ ಕೈಗೊಂದಿಷ್ಟು ಇನಾಮು ಇಡುವುದು ರೂಢಿ. ಮಿಕ್ಕವರು ಅದನ್ನು ಅಂದೇ ಉಡಾಯಿಸಿದರೆ ಇವನು ನೆಟ್ಟಗೆ ಪಾತ್ರೆ ಅಂಗಡಿಗೆ ಹೋಗಿ ತಂಗಿಯ ಮದುವೆಗೆಂದು ಒಂದು ಸ್ಟೀಲ್ ಪಾತ್ರೆ ಕೊಳ್ಳುತ್ತಿದ್ದ. ಕೊಂಡು ಸುಮ್ಮನಿರದೆ ಅಲ್ಲೇ ಹೆಸರೂ ಕೊರೆಸುತ್ತಿದ್ದ: "ಚಿ. ಸೌ. ನಾಗಲಕ್ಷ್ಮಿಗೆ ಅಣ್ಣ ಪಿಳ್ಳಪ್ಪನಿಂದ." ಎಂಥ ಆತುರಗಾರ ನೋಡಿ, ಗಂಡು ಗೊತ್ತಾಗುವ ಮೊದಲೇ ತಂಗಿಯನ್ನು ಮದುಮಗಳು ಮಾಡಿಟ್ಟ. ಹದಿನೇಳು ಮೋಲ್ಡು, ಹದಿನೇಳು ಪಾತ್ರೆ. ಗಂಡುಗಳು ಬಂದವು, ಹೋದವು, ಆಮೇಲೆ ಅವಳೇ ಸಾಕು ಅಂದಳು. ಪಾತ್ರೆಗಳು ಮಾತ್ರ ಮನೆಯಿಂದ ಮನೆಗೆ ಅಟ್ಟ ಹತ್ತಿ ಕೂತವು.

ಶ್ರೀನಗರಕ್ಕೆ ಬರುವಾಗ ಅವನ್ನೆಲ್ಲ ಶಾಮಿಯಾನ ಅಂಗಡಿಯ ರವಿಕಿರಣ್‌ಗೆ ಸುಮ್ಮನೆ ಕೊಟ್ಟುಬಿಟ್ಟಿದ್ದಳು. ನಾಲ್ಕು ಜನರ ಮದುವೆ ಮುಂಜಿಗೆ ಬಾಡಿಗೆಗೆ ಹೋಗಲಿ, ಅಟ್ಟದಲ್ಲಿ ಕೊಳೆಯುವುದಕ್ಕಿಂತ ವಾಸಿ ಅನ್ನುವುದು ಅವಳ ಲೆಕ್ಕ. ಊರಿನವರ ಪುಸ್ತಕದ ಬೆನ್ನು ಓದಿ ಓದಿ ಕಣ್ಣು ಸವೆಸಿಕೊಂಡವಳಿಗೆ ಪಾತ್ರೆಯ ಮೇಲಿನ ತನ್ನ ಹೆಸರೇ ಕಾಣಲಿಲ್ಲ.

ಮಾರನೇ ದಿನ ಅಂಗಡಿಗೆ ಓಡಿದಳು. ಮೂರು ಪಾತ್ರೆ ಅಲ್ಲಿದ್ದವು, ಮಿಕ್ಕವು ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದವು.

"ಹೆಸ್ರೇ ತೊಂದ್ರೆ ಅಂದ್ರೆ ಗ್ರೈಂಡರ್ ಹಿಡಿಸಿ ಅಳಿಸ್ತೀನಿ ಬಿಡಿ ಆಂಟಿ, ಐದ್ ನಿಮಿಷ," ಅಂದ ರವಿಕಿರಣ್.

"ಬೇಡಪ್ಪ," ಅಂದವಳು ಬರಿಗೈಯಲ್ಲೇ ಉತ್ತರಹಳ್ಳಿ ಬಸ್ಸು ಹತ್ತಿದಳು.

ಪಿಳ್ಳಪ್ಪ ಜಗಲಿಯ ಮೇಲೆ ಕೂತಿದ್ದ. ಎಪ್ಪತ್ತು ವರ್ಷ, ಸಿಮೆಂಟು ತಿಂದ ಬೆರಳುಗಳು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಅವಳೇ ಪಕ್ಕದಲ್ಲಿ ಕೂತಳು.

"ತಪ್ಪಾಯ್ತು ಅಣ್ಣ. ಅವನ್ನ ನೋಡ್ದಾಗೆಲ್ಲ ಆಗ್ದೇ ಇರೋ ಮದುವೆನೇ ಕಣ್ಣಿಗೆ ಬರೋದು. ಅದಕ್ಕೆ ಕೊಟ್ಬಿಟ್ಟೆ."

"ಪಕ್ದಲ್ಲಿ ಕೂತಿದ್ದೋನು ಓದಿ ನಕ್ಬಿಟ್ಟ ಕಣೆ ನಾಗಿ. ಮದ್ವೆ ಪಾತ್ರೆನೇ ಬಾಡಿಗೆಗೆ ಬಿಟ್ಟಿರೋ ಈ ಚಿ. ಸೌ. ಯಾರೋ ಅಂದ." ಪಿಳ್ಳಪ್ಪ ರಸ್ತೆ ನೋಡುತ್ತಲೇ ಹೇಳಿದ. "ನನ್ ತಂಗಿ ಅನ್ನಕ್ಕೆ ನಂಗೆ ಬಾಯೇ ಬರ್ಲಿಲ್ಲ."

ಅವಳಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ.

"ವಾಪಸ್ ತರ್ತೀನಿ ಅಣ್ಣ, ಹದಿನೇಳೂ ತರ್ತೀನಿ."

"ತಂದು ಎಲ್ಲಿಡ್ತೀಯ? ನಂಗೇನು ಪಾತ್ರೆ ಮೇಲೆ ಆಸೆನಾ? ನೀನು ಚೆನ್ನಾಗಿದ್ದೀಯ, ನಂಗೆ ಗೊತ್ತು. ಹೋದ್ ವರ್ಷ ಬಂದಾಗ ನೋಡ್ದೆ, ಮುಖ ತಿಳಿಯಾಗಿತ್ತು. ಅದೇ ನೋಡು ನಂಗೆ ಕಷ್ಟ. ಸಣ್ಣೋಳಾಗಿಂದ್ಲೂ ಹಂಗೇ ನೀನು. ಅನ್ನ ಹಾಕ್ಲಾ ಅಂದ್ರೆ ಬೇಡ. ಸೀರೆ ತರ್ಲಾ ಅಂದ್ರೆ ಬೇಡ. ಏನೂ ಬೇಡ ಅನ್ನೋಳ ಮನೆಗೆ ನಾನು ಏನಂತ ಮೆಟ್ಲು ಹತ್ಲಿ?"

ನಾಗಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ವರ್ಷದಿಂದ ಮನೆಯ ಒಂದೊಂದು ವಸ್ತುವನ್ನೂ ಎತ್ತಿ ಹಿಡಿದು ಇದು ಬೇಕಾ ಬೇಡವಾ ಎಂದು ಕೇಳಿಕೊಂಡವಳು. ಈ ಮನುಷ್ಯನ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಯಾವತ್ತೂ ಗೊತ್ತಿತ್ತು. ಅವನಿಗೂ ಗೊತ್ತಿರುತ್ತದೆ ಅಂದುಕೊಂಡು ಸುಮ್ಮನಿದ್ದುಬಿಟ್ಟಿದ್ದಳು.

ಒಳಗಿನಿಂದ ಅತ್ತಿಗೆ ಕಾಫಿ ತಂದಿಟ್ಟು ಹೋದಳು. ಆರುವವರೆಗೂ ಇಬ್ಬರೂ ಮುಟ್ಟಲಿಲ್ಲ.

"ನೀನು ಬೇಕು ಅಣ್ಣ," ಅಂದಳು ಕೊನೆಗೆ. "ಸೀರೆ ಬಳೆ ಏನೂ ಬೇಡ. ಸಾಯಂಕಾಲ ಆಯ್ತು ಅಂದ್ರೆ ನಂಗೆ ಒಬ್ಳೇ ಇರಕ್ಕಾಗಲ್ಲ. ನೀನು ಬರ್ಬೇಕು."

ಪಿಳ್ಳಪ್ಪ ತಿರುಗಿ ಅವಳ ಮುಖ ನೋಡಿದ. ಹೆಗಲ ಟವೆಲ್ಲಿನಿಂದ ಮೂಗು ಒರೆಸಿಕೊಂಡ.

"ಇದೊಂದ್ ಮಾತು ಆವಾಗ್ಲೇ ಅಂದಿದ್ರೆ," ಅಂದ, "ನಿಂಗೆ ನಾನು ಬೇಕಾಗ್ಲಿ ಅಂತ ಹದಿನೇಳ್ ಪಾತ್ರೆ ಯಾಕೆ ತರ್ತಿದ್ದೆ?"