ಕೊನೆಗೆ ತಿದ್ದಿದವರು

ನಮ್ಮ ಪತ್ರಿಕೆಯ ತಾಲ್ಲೂಕು ಪುಟಕ್ಕೆ ಒಂದು ನಿಯಮವಿತ್ತು. ಸುದ್ದಿಯನ್ನು ಕೊನೆಗೆ ಯಾರು ತಿದ್ದುತ್ತಾರೋ ಅವರೇ ಅದನ್ನು ಪುಟ ಕಟ್ಟುವವರಿಗೆ ಕಳಿಸಬೇಕು. ಬೀದರಿನ ಕಚೇರಿಯಲ್ಲಿ ಕಾಗದದ ಮೇಲೆ ತಿದ್ದುತ್ತಿದ್ದ ಕಾಲದಲ್ಲಿ ಹುಟ್ಟಿದ ನಿಯಮ ಅದು. ಆಗ ಹಾಳೆ ಒಂದೇ ಇರುತ್ತಿತ್ತು. ಅದು ಯಾರ ಕೈಯಲ್ಲಿದೆಯೋ ಅವರೇ ಕೊನೆಯವರು. ಆಮೇಲೆ ಸುದ್ದಿಗಳು ಮೊಬೈಲ್ ಗ್ರೂಪಿಗೆ ಬರತೊಡಗಿದವು. ಹಾಳೆ ಹೋಯಿತು, ನಿಯಮ ಉಳಿಯಿತು. ಅದು ಸರಿಯಾಗಿಯೇ ನಡೆಯುತ್ತಿದೆ ಎಂದು ನಾವೆಲ್ಲ ತಿಳಿದಿದ್ದೆವು.

ಗ್ರೂಪಿನಲ್ಲಿ ಹದಿನಾಲ್ಕು ಜನರಿದ್ದೆವು. ಕಚೇರಿಯಲ್ಲಿ ಕುಳಿತು ತಿದ್ದುವ ಕೆಲಸ ನನ್ನದು. ಭಾಲ್ಕಿಯ ಸುದ್ದಿ ಕಳಿಸುತ್ತಿದ್ದವರು ಹಲಬರ್ಗಾದ ಒಬ್ಬ ಮಾಸ್ತರರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಔರಾದಿನಿಂದ ಸುದ್ದಿ ಬರುತ್ತಿದ್ದದ್ದು ಎಲ್ಲರೂ ಸಿಸ್ಟರ್ ಎಂದು ಕರೆಯುತ್ತಿದ್ದ ಒಬ್ಬ ಹೆಣ್ಣುಮಗಳಿಂದ. ಮಿಷನ್ ಕಾಲದ ಚರ್ಚಿನ ಪಕ್ಕದ ಓಣಿಯಲ್ಲಿ ಬೆಳೆದ ಮೆಥೋಡಿಸ್ಟ್ ಮನೆತನ. ತಾಯಿ ನರ್ಸ್ ಆಗಿದ್ದರು, ಇವರೂ ನರ್ಸ್ ಆಗಿ ದುಡಿದು ನಿವೃತ್ತರಾಗಿದ್ದರು. ಸುತ್ತಲಿನ ಹಳ್ಳಿಯವರು ಔಷಧದ ಚೀಟಿ ಹಿಡಿದುಕೊಂಡು ಇವರ ಮನೆಗೆ ಬರುತ್ತಿದ್ದರು. ಚೀಟಿಯ ಜೊತೆ ಊರಿನ ಖಬರೂ ಬರುತ್ತಿತ್ತು. ಹಾಗೆ ಅವರು ನಮಗೆ ಸುದ್ದಿ ಬರೆಯತೊಡಗಿದ್ದರು.

ಆ ದಿನಗಳಲ್ಲಿ ನಾನು ಕಣ್ಣಿಗೆ ಬಿದ್ದದ್ದನ್ನೆಲ್ಲ ತಿದ್ದುತ್ತಿದ್ದೆ. ಓಣಿಯ ಗ್ರೂಪಿನಲ್ಲಿ ನೀರು ಬಿಡುವ ಸಮಯ ತಿಳಿಸಿದವರಿಗೆ ಅದೇ ಸಂದೇಶವನ್ನು ಪೂರ್ಣವಿರಾಮ ಹಾಕಿ ಮರಳಿ ಕಳಿಸುತ್ತಿದ್ದೆ. ತಮ್ಮನ ಹೆಂಡತಿ ಹುಟ್ಟುಹಬ್ಬದ ಶುಭಾಶಯಕ್ಕೆ ಒಂಬತ್ತು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದಳು. ಎಂಟು ಹೆಚ್ಚಾದವು ಎಂದು ಬರೆದೆ. ಮರುವರ್ಷ ಅವಳಿಂದ ಶುಭಾಶಯ ಬರಲಿಲ್ಲ.

ನನಗೆ ಸರಿಸಮನಾಗಿ ನಿಂತವರೆಂದರೆ ಮಾಸ್ತರರು ಒಬ್ಬರೇ. ನಾನು ವಾಕ್ಯವನ್ನು ಕತ್ತರಿಸುವವನು, ಅವರು ಹೊಲಿಯುವವರು. ನಾನು ಚುಕ್ಕಿ ಇಟ್ಟಲ್ಲೆಲ್ಲ ಅವರು ಅಲ್ಪವಿರಾಮ ಇಟ್ಟು ಮುಂದುವರಿಸುತ್ತಿದ್ದರು. ಗ್ರೂಪಿನಲ್ಲಿ ಮುಗಿಯದಿದ್ದರೆ ಫೋನ್ ಮಾಡುತ್ತಿದ್ದರು.

“ಸರ, ಎದಕ ಇಷ್ಟ್ ಚುಕ್ಕಿ ಹಾಕ್ತೀರಿ? ವಾಕ್ಯ ಅಂದ್ರ ಏನ್ ಜ್ವಾಳದ ಕಾಳೇನ್ರಿ, ಒಂದೊಂದ ಚೆಲ್ಲಲಿಕ್ಕ?”

“ಮಾಸ್ತರ, ನಿಮ್ಮ ವಾಕ್ಯ ಹಲಬರ್ಗಾದಾಗ ಹತ್ತಿದ್ರ ಬೀದರ ಬಂದ್ರೂ ಇಳಿಯಂಗಿಲ್ಲ.”

“ಇಳಿಯಂಗಿಲ್ಲ ಬಿಡ್ರಿ. ಟಿಕೀಟ್ ತಗೊಂಡೇ ಕುಂತದ.”

ಇದನ್ನು ಜಗಳ ಎನ್ನುವಂತಿರಲಿಲ್ಲ. ಇಬ್ಬರಿಗೂ ಇಷ್ಟವಾದ ಕೆಲಸ ಇದಾಗಿತ್ತು. ಉಳಿದ ಹನ್ನೆರಡು ಜನ ಓದಿ ನಗುತ್ತಿದ್ದರು, ಒಮ್ಮೊಮ್ಮೆ ಒಂದು ಪಕ್ಷ ಹಿಡಿಯುತ್ತಿದ್ದರು.

ಸಿಸ್ಟರ್ ಈ ವಾದಕ್ಕೆ ಬರುತ್ತಿರಲಿಲ್ಲ. ಅವರು ಬರೆಯುವ ರೀತಿಯೇ ಬೇರೆ. ವಾರ್ಡಿನಲ್ಲಿ ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವಾಗ ಬರೆದಿಡುವ ಚೀಟಿಯಂತೆ ಇರುತ್ತಿತ್ತು ಅವರ ಸುದ್ದಿ. ಮೊದಲು ವೇಳೆ, ಆಮೇಲೆ ವಿಷಯ, ನಡುವೆ ಅಡ್ಡಗೆರೆಗಳು. ಕ್ರಿಯಾಪದ ಸಿಕ್ಕರೆ ಪುಣ್ಯ. ಆದರೆ ವಿವರದಲ್ಲಿ ತಪ್ಪಿರುತ್ತಿರಲಿಲ್ಲ. ಅವರ ಸುದ್ದಿಯ ಬಗ್ಗೆ ಯಾರೂ ಕಚೇರಿಗೆ ಫೋನ್ ಮಾಡಿ ತಕರಾರು ಹೇಳಿದ್ದು ನನಗೆ ನೆನಪಿಲ್ಲ.

ಒಂದು ಗುರುವಾರ ಮಧ್ಯಾಹ್ನ ಅವರ ಸಂದೇಶ ಬಂತು:

“ಗುರುವಾರ 3-40 — ಕುರಿ ಸೂಜಿ ನಾಳೆ ಇಲ್ಲ — ಔಷಧ ಬಂದಿಲ್ಲ — ಸೋಮವಾರ ಮುಂಜಾನೆ — ಜಾಗ ಅದೇ — ನಾಳೆ ಪೇಪರಿನಲ್ಲಿ ಬರಲೇಬೇಕು”

ಶುಕ್ರವಾರ ಔರಾದಿನಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಶಿಬಿರವಿತ್ತು. ಅದು ಸೋಮವಾರಕ್ಕೆ ಹೋಗಿದೆ ಎಂಬುದು ಸುದ್ದಿ. ನಾನು ಅದನ್ನು ಎರಡು ವಾಕ್ಯ ಮಾಡಿ ಗ್ರೂಪಿಗೆ ಹಾಕಿದೆ. ಶಿಬಿರವನ್ನು ಮುಂದೂಡಲಾಗಿದೆ. ಲಸಿಕೆ ಬಂದಿಲ್ಲ. ಹತ್ತು ನಿಮಿಷದೊಳಗೆ ಮಾಸ್ತರರು ಕಾರಣ ಮೊದಲು ಬರಬೇಕೆಂದು ಹೇಳಿ, ಎರಡನ್ನೂ ಒಂದು ಮಾಡಿ, “ಸಕಾಲದಲ್ಲಿ ಪೂರೈಕೆಯಾಗದ ಕಾರಣ” ಎಂದು ಆರಂಭಿಸಿ ಮರಳಿಸಿದರು. ಅದು ಸುದ್ದಿಯಲ್ಲ, ಸರ್ಕಾರಿ ಸುತ್ತೋಲೆ ಎಂದು ನಾನು ಬರೆದೆ. ಸುತ್ತೋಲೆಯಲ್ಲಿ ಅಲ್ಪವಿರಾಮವಾದರೂ ಇರುತ್ತದೆ ಎಂದು ಅವರು ಬರೆದರು. ಪೊಲೀಸ್ ಸುದ್ದಿ ನೋಡುವ ವರದಿಗಾರ ನಡುವೆ ಬಂದು, ಶಿಬಿರ ಕುರಿಗಳಿಗೋ ಕುರಿಗಾರರಿಗೋ ಸ್ಪಷ್ಟಪಡಿಸಬೇಕು ಎಂದ. ಲಸಿಕೆಯನ್ನು ಹಾಕುತ್ತಾರೋ, ಕೊಡುತ್ತಾರೋ, ನೀಡುತ್ತಾರೋ ಎಂಬ ಪ್ರಶ್ನೆ ಎದ್ದಿತು. ಅದರ ಮೇಲೆ ಐದು ಜನ ಮಾತಾಡಿದರು.

ಐದೂಕಾಲಿಗೆ ಸಿಸ್ಟರ್ ಕೇಳಿದರು: “ಸುದ್ದಿ ಹೋಯಿತೇ”

ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ನಾನು ಅದನ್ನು ಗಮನಿಸಿದ್ದೆ ಎಂಬುದು ಈಗಲೂ ನೆನಪಿದೆ. “ತಿದ್ದುತ್ತಿದ್ದೇವೆ ಸಿಸ್ಟರ್” ಎಂದು ಉತ್ತರಿಸಿದೆ. ಅವರು ಕೈಮುಗಿಯುವ ಚಿತ್ರ ಕಳಿಸಿದರು. ನಾವು ಮುಂದುವರಿಸಿದೆವು.

ತಾಲ್ಲೂಕು ಪುಟ ಸಂಜೆ ಆರೂವರೆಗೆ ಮುಚ್ಚುತ್ತಿತ್ತು. ಆ ಹೊತ್ತಿಗೆ ಕೊನೆಯದಾಗಿ ತಿದ್ದಿದವರು ಮಾಸ್ತರರು ಎಂದು ನಾನು ತಿಳಿದಿದ್ದೆ. ಅವರ ಮೇಲೆ ನಾನು ಮತ್ತೆ ಒಂದು ಪದ ಬದಲಿಸಿದ್ದರಿಂದ ಕೊನೆಯವನು ನಾನೇ ಎಂದು ಅವರು ತಿಳಿದಿದ್ದರು. ಆ ಒಂದು ಪದವನ್ನು ನಾನು ತಿದ್ದುಪಡಿ ಎಂದು ಭಾವಿಸಿರಲಿಲ್ಲ, ಉತ್ತರ ಎಂದು ಭಾವಿಸಿದ್ದೆ. ಪುಟ ಕಟ್ಟುವವರಿಗೆ ಯಾರಿಂದಲೂ ಏನೂ ಹೋಗಲಿಲ್ಲ. ಪುಟ ಮುಚ್ಚಿ ಇಪ್ಪತ್ತು ನಿಮಿಷವಾದ ಮೇಲೆ ಮಾಸ್ತರರ ಕೊನೆಯ ಸಂದೇಶ ಬಂದಿತ್ತು: “ಇರಲಿ, ಪತ್ರಿಕೆ ನಿಮ್ಮದು, ಚುಕ್ಕಿಯೂ ನಿಮ್ಮದು.”

ಶುಕ್ರವಾರ ಮುಂಜಾನೆ ನಾನು ಚಹಾ ಕುಡಿಯುತ್ತ ಫೋನ್ ನೋಡಿದೆ.

“ಶುಕ್ರವಾರ 9-10 — ಸುದ್ದಿ ಬಂದಿಲ್ಲ — ಕುರಿ ಬಂದಿವೆ”

ಅದನ್ನು ಉಳಿದ ಹದಿಮೂರೂ ಜನ ಓದಿದ್ದು ಫೋನಿನಲ್ಲಿ ಕಾಣುತ್ತಿತ್ತು. ನಾನು ಸಿಸ್ಟರಿಗೆ ಫೋನ್ ಮಾಡಿದೆ.

ಅವರು ಹೇಳಿದ್ದು ಇಷ್ಟು. ವಾರದ ಹಿಂದೆ ಅವರೇ ಹಳ್ಳಿಗೆ ಹೋಗಿ ಕುರಿ ಸಾಕುವ ನಾಲ್ಕು ಮನೆಯವರನ್ನು ಶಿಬಿರಕ್ಕೆ ಒಪ್ಪಿಸಿದ್ದರು. ಹಿಂಡಿನ ಹಿಂದೆ ಅಡವಿಗೆ ಹೋದವರ ಫೋನ್ ಹತ್ತುವುದಿಲ್ಲ. ಅದಕ್ಕೆ ಒಂದು ಮಾತು ಹೇಳಿಟ್ಟಿದ್ದರು: ಏನಾದರೂ ಬದಲಾದರೆ ಪೇಪರಿನಲ್ಲಿ ಬರುತ್ತದೆ, ಆ ದಿನ ಹೊಟೇಲಿನಲ್ಲಿ ಕೇಳಿಕೊಂಡು ಹೊರಡಿ. ಆ ಊರಿನ ಚಹಾ ಹೊಟೇಲಿನಲ್ಲಿ ಮುಂಜಾನೆ ಒಬ್ಬರು ಪೇಪರ್ ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಶುಕ್ರವಾರ ಆ ಮನೆಯವರು ಹಾಗೆಯೇ ಮಾಡಿದ್ದರು. ನಮ್ಮ ಪುಟವನ್ನು ಪೂರ್ತಿ ಓದಿಸಿ ಕೇಳಿದ್ದರು. ಏನೂ ಇರಲಿಲ್ಲ. ಹಿಂಡು ಹೊಡೆದುಕೊಂಡು ಔರಾದಿಗೆ ನಡೆದು ಬಂದಿದ್ದರು.

“ತಪ್ಪು ನಮ್ಮದು ಸಿಸ್ಟರ್.”

“ನಿಮ್ಮದೇ ಅದ ಸರ. ಅದು ನನಗ ಗೊತ್ತದ. ಅವ್ರಿಗಿ ಹ್ಯಾಂಗ ಗೊತ್ತಾಗಬೇಕು? ಅವ್ರ ಮುಂದ ನಿಂತಾಕಿ ನಾನು. ನಮ್ಮ ವಾರ್ಡಿನಾಗ ಚೀಟಿ ಓದಿದವರು ಮೊದಲ ಔಷಧ ಕೊಡ್ತಿದ್ರು. ಅಕ್ಷರ ನೋಡ್ಕೋತ ಕುಂತಿದ್ರ ಪೇಶಂಟ್ ಇರ್ತಿದ್ದಿಲ್ಲ.”

ಏನು ಮಾಡಬೇಕೆಂದು ಕೇಳಿದೆ.

“ಸೋಮವಾರ ಅವ್ರು ಮತ್ತ ಬರಬೇಕು. ನನಗ ಅಷ್ಟೇ ಬೇಕು. ಮುಂದಿನ ವಾರ ಮೇವಿಗಂತ ಗಡಿ ದಾಟಿ ಹೋಗ್ತಾರ. ಆಮ್ಯಾಲ ಯಾರ ಸೂಜಿ, ಎಲ್ಲಿ ಸೂಜಿ? ಸೂಜಿ ಹಾಕಸಲಾರದ ಹಿಂಡು ಹ್ಯಾಂಗ ಸಾಯ್ತದ ನಾ ನೋಡೇನಿ ಸರ. ಈಗ ನನ್ನ ಮಾತ ನಂಬಂಗಿಲ್ಲ. ನೀವೇ ಬಂದು ಹೇಳ್ರಿ.”

ಮಧ್ಯಾಹ್ನ ಮಾಸ್ತರರು ಫೋನ್ ಮಾಡಿದರು. ಅವರ ದನಿ ಇಳಿದಿತ್ತು. “ಪಾಲು ನಂದೂ ಅದ ಸರ. ನಾನೂ ಬರ್ತೇನಿ ಔರಾದಿಗಿ.” ಇಬ್ಬರು ಹೋದರೆ ಅಲ್ಲಿಯೂ ವಾದ ಶುರುವಾಗುತ್ತದೆ, ನಾನೊಬ್ಬನೇ ಹೋಗುತ್ತೇನೆ ಎಂದೆ. “ಖರೇ ಅದ” ಎಂದರು. ಬೇಸರ ಮಾಡಿಕೊಳ್ಳಲಿಲ್ಲ.

ಅಂದು ನಾಲ್ಕು ಸಾಲಿನ ತಿದ್ದುಪಡಿ ಬರೆದೆ. ಶಿಬಿರ ಸೋಮವಾರ ನಡೆಯುತ್ತದೆ, ಈ ಸುದ್ದಿ ಗುರುವಾರವೇ ನಮಗೆ ತಲುಪಿತ್ತು, ಪ್ರಕಟವಾಗದಿರಲು ಪತ್ರಿಕೆಯ ಕಚೇರಿ ಕಾರಣ, ಸುದ್ದಿ ಕಳಿಸಿದವರಲ್ಲ ಎಂದು. ಗ್ರೂಪಿಗೆ ಹಾಕದೆ ನೇರ ಪುಟಕ್ಕೆ ಕಳಿಸಿದೆ. ಶನಿವಾರ ಅದು ಅಚ್ಚಾಯಿತು. ಬಸ್ ಹತ್ತುವ ಮೊದಲೇ ಮಾಸ್ತರರ ಫೋನ್ ಬಂತು.

“ಓದಿದೆ. ಎರಡ ಕಡಿ ತಿದ್ದೋದು ಅದ.”

“ಏನದ?”

“ಹೇಳಂಗಿಲ್ಲ ಬಿಡ್ರಿ. ಹೋಗಿ ಬರ್ರಿ.”

ಔರಾದಿಗೆ ರೈಲಿಲ್ಲ, ಬಸ್ಸೇ ಗತಿ. ಜನವಾಡ ದಾಟುವವರೆಗೆ ನಿಂತಿದ್ದೆ, ಆಮೇಲೆ ಸೀಟು ಸಿಕ್ಕಿತು. ಏನು ಹೇಳಬೇಕೆಂದು ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತ ಹೋದೆ. ಔರಾದಿನ ಬಸ್ ನಿಲ್ದಾಣದಲ್ಲಿ ಸಿಸ್ಟರ್ ಕಾಯುತ್ತಿದ್ದರು. ಕೈಯಲ್ಲಿ ಆ ದಿನದ ಪೇಪರ್ ಇತ್ತು. ತಿದ್ದುಪಡಿ ಹೇಗಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಟೊದಲ್ಲಿ ಹಳ್ಳಿಗೆ ಹೋದೆವು.

ನಾಲ್ಕು ಮನೆಗಳ ಪೈಕಿ ಮೂರು ಮನೆಯ ಹಿರಿಯರು ಒಂದೇ ಕಟ್ಟೆಯ ಮೇಲೆ ಕುಳಿತಿದ್ದರು. ನಾಲ್ಕನೆಯವರು ಮನೆಯಲ್ಲಿಯೇ ಇದ್ದರಂತೆ. ಕರೆ ಕಳಿಸಿದರೂ ಹೊರಗೆ ಬರಲಿಲ್ಲ. ಹೊಟೇಲಿನಲ್ಲಿ ತಿದ್ದುಪಡಿಯನ್ನು ಮುಂಜಾನೆಯೇ ಓದಿಸಿ ಕೇಳಿದ್ದರು. ಆದರೂ ನಾನು ಮತ್ತೆ ಹೇಳಿದೆ. ಬಸ್ಸಿನಲ್ಲಿ ಜೋಡಿಸಿದ ವಾಕ್ಯಗಳು ನೆನಪಿಗೆ ಬರಲಿಲ್ಲ. ಸಿಸ್ಟರ್ ವೇಳೆಗೆ ಸರಿಯಾಗಿ ಕಳಿಸಿದ್ದರು, ನಾವು ಹಾಕಲಿಲ್ಲ ಎಂದಷ್ಟೇ ಹೇಳಿದೆ.

ಅವರಲ್ಲಿ ಎಲ್ಲರಿಗಿಂತ ಹಿರಿಯರು ಎಲೆ ಅಡಿಕೆ ಜಗಿಯುತ್ತ ಕೇಳಿದರು: “ಎದಕ ಹಾಕಲಿಲ್ರಿ ಸಾಹೇಬ್ರ? ಜಾಗ ಇದ್ದಿದ್ದಿಲ್ಲೇನು?”

“ಜಾಗ ಇತ್ತು. ಹ್ಯಾಂಗ ಬರಿಬೇಕು ಅನ್ನೋದರ ಮ್ಯಾಲ ಮಾತು ಬೆಳೀತು. ಅಷ್ಟರಾಗ ಹೊತ್ತು ಹೋಯ್ತು.”

“ಎಷ್ಟ ಮಂದಿ ಓದಿದ್ರಿ?”

“ಸಿಸ್ಟರ್ ಬಿಟ್ಟು ಹದಿಮೂರ.”

“ಹದಿಮೂರೂ ಮಂದಿಗಿ ಸೂಜಿ ಇಲ್ಲಂತ ತಿಳಿದಿತ್ತು?”

“ತಿಳಿದಿತ್ತು.”

ಅವರು ಪಕ್ಕಕ್ಕೆ ಉಗುಳಿ ಬಂದು ಕುಳಿತರು. “ನಮ್ಮ ಹೊಟೇಲಿನಾಗ ಓದಾಂವ ಒಬ್ಬನೇ ಇದ್ದಾನ. ಅವಗ ನೆಟ್ಟಗ ಓದ್ಲಿಕ್ಕೂ ಬರಂಗಿಲ್ಲ, ಅಲ್ಲಲ್ಲಿ ನಿಂತ್ಕೋತಾನ. ಆದ್ರೂ ಊರಿಗಿ ಊರೇ ತಿಳ್ಕೋತದ.”

ಪಕ್ಕದವರು ನಕ್ಕರು. ಸಿಸ್ಟರ್ ನಗಲಿಲ್ಲ.

“ಕಾಕಾ, ಬೈಯೋದು ಆಯ್ತಿಲ್ಲೋ? ಸೋಮವಾರ ಬರ್ತೀರೋ ಇಲ್ಲೋ ಅದನ್ನ ಹೇಳ್ರಿ.”

“ಬರ್ತೇವಿ ತಾಯಿ. ಸಾಹೇಬ್ರು ಇಷ್ಟ ದೂರ ಬಂದಾರಂತ ಅಲ್ಲ. ನಿನ್ನಿ ನೀ ಓಡಿ ಹೋಗಲಿಲ್ಲ, ನಮ್ಮ ಕುರಿ ಮುಂದ ಬಿಸಲಾಗ ನಿಂತಿದ್ದಿ, ಅದಕ್ಕ.”

ಮನೆಯವರು ಚಹಾ ಕೊಟ್ಟರು. ನಾಲ್ಕನೆಯ ಮನೆಯ ಮುಂದೆಯೂ ಹೋಗಿ ನಿಂತೆವು. ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದು, “ಅವ್ರು ಮಲಗ್ಯಾರ್ರಿ” ಎಂದಳು. ಒಳಗೆ ರೇಡಿಯೊ ಹಚ್ಚಿದ್ದು ಕೇಳುತ್ತಿತ್ತು. ಸೋಮವಾರ ಮುಂಜಾನೆ, ಜಾಗ ಅದೇ ಎಂದು ಸಿಸ್ಟರ್ ಬಾಗಿಲಿಗೆ ಹೇಳಿ ಬಂದರು.

ಭಾನುವಾರ ನಾನು ಗ್ರೂಪಿನಲ್ಲಿ ಎರಡು ಸಾಲು ಬರೆದೆ. ಇನ್ನು ಮೇಲೆ ಸುದ್ದಿಯನ್ನು ಮೊದಲು ಓದಿದವರೇ ಅದು ಹೇಗಿದೆಯೋ ಹಾಗೆ ಪುಟಕ್ಕೆ ಕಳಿಸಬೇಕು, ತಿದ್ದುವುದು ಅಲ್ಲಿ. ಮಾಸ್ತರರು ಮೊದಲು ಒಪ್ಪಿಗೆ ಕೊಟ್ಟರು. ನಮ್ಮಿಬ್ಬರ ವಾದ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಈಗ ಪುಟ ಮುಚ್ಚಿದ ಮೇಲೆ ಫೋನಿನಲ್ಲಿ ನಡೆಯುತ್ತದೆ. ಓಣಿಯ ಗ್ರೂಪಿನಲ್ಲಿ ನೀರಿನ ಸಮಯವನ್ನು ಈಗ ಬಂದಂತೆಯೇ ಓದಿಕೊಳ್ಳುತ್ತೇನೆ.

ಸೋಮವಾರ ಹನ್ನೊಂದು ದಾಟಿದ ಮೇಲೆ ಸಿಸ್ಟರ್ ಫೋನ್ ಮಾಡಿದರು. ಹಿಂದೆ ಕುರಿಗಳ ಸದ್ದಿನಲ್ಲಿ ಅವರ ಮಾತು ಅರ್ಧ ಮುಳುಗುತ್ತಿತ್ತು.

“ಮೂರು ಮನಿಯವ್ರು ಬಂದಾರ. ಸೂಜಿ ನಡದದ.”

“ನಾಲ್ಕನೆಯವರು?”

“ಇಲ್ರಿ. ಮುಂಜಾನಿ ನಸುಕಿನಾಗೇ ಹಿಂಡು ಹೊಡ್ಕೊಂಡು ಗಡಿ ಕಡಿ ಹೋದ್ರಂತ.”

ನಾನು ನಾಳೆ ಮತ್ತೆ ಬರುತ್ತೇನೆ, ಅವರು ಎಲ್ಲಿ ಇಳಿದಿದ್ದಾರೋ ಅಲ್ಲಿಗೆ ಹೋಗಿ ಹೇಳೋಣ ಎಂದೆ.

“ನೀವು ಬ್ಯಾಡ ಸರ. ನಿಮ್ಮನ್ನ ಕಂಡ್ರ ಮತ್ತಷ್ಟ ದೂರ ಹೋಗ್ತಾರ. ಎರಡ ಸೀಸೆ ಔಷಧ ಉಳದದ, ದನದ ಡಾಕ್ಟರ್‌ಗಿ ಹೇಳಿ ಬರಫಿನಾಗ ತಣ್ಣಗ ಇಡಿಸೇನಿ. ಕಾಕಾರ ಮಗ ಗಾಡಿ ಮ್ಯಾಲ ಕರ್ಕೊಂಡು ಹೋಗ್ತೇನಿ ಅಂದಾನ. ನಾನೂ ಡಾಕ್ಟರೂ ನಾಳಿ ಹೋಗ್ತೇವಿ.”

“ಸಿಗ್ತಾರಾ, ಒಪ್ತಾರಾ?”

“ಗೊತ್ತಿಲ್ರಿ” ಎಂದರು. ಯಾರಿಗೋ ಕುರಿಯ ಕೊರಳು ಗಟ್ಟಿಯಾಗಿ ಹಿಡಿಯಲು ಹೇಳುತ್ತ ಫೋನ್ ಇಟ್ಟರು.